ರಫ್ತು ಕಂಪ್ಲಯನ್ಸ್ ರಿವ್ಯೂ ಮಾಡಿಕೊಡ್ತೇವೆ ಅಂತ ಫೋನ್ ಬಂದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಕಾಸರಗೋಡು ಕಡೆಯಿಂದ ಅಡಿಕೆ ಹಾಳೆಯ ತಟ್ಟೆ, ಗೋಡಂಬಿ, ತೆಂಗಿನ ನಾರು ಹೀಗೆ ಏನನ್ನಾದರೂ ಹೊರದೇಶಕ್ಕೆ ಕಳಿಸುವ ಸಣ್ಣ ಘಟಕದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ನಿಮ್ಮ ಕಾಗದಪತ್ರ ಎಲ್ಲ ನೋಡಿ, ನಿಯಮದ ಪ್ರಕಾರ ಉಂಟಾ ಇಲ್ವಾ ಅಂತ ರಿಪೋರ್ಟ್ ಕೊಡ್ತೇವೆ" ಎಂದು ಹೇಳಿಕೊಂಡು ಬರುವವರು ಈಗ ಜಾಸ್ತಿ ಆಗಿದ್ದಾರೆ. ಅಂಥ ಒಂದು ಕನ್ಸಲ್ಟೆನ್ಸಿಯ ರಿಪೋರ್ಟ್ ನಂಬಿ ನಮ್ಮ ಒಂದು ಕಂಟೇನರ್ ಮಾಲು ಅಮೆರಿಕದಲ್ಲಿ ಹಾಳಾಯಿತು. ಅವರ ಹೆಸರು ಹಾಕುವುದಿಲ್ಲ. ವಕೀಲರು ಬೇಡ ಅಂದಿದ್ದಾರೆ. ಆದರೆ ಅವರು ಕೆಲಸ ಮಾಡುವ ರೀತಿ ಹೇಳಿದರೆ ನೀವು ಗುರುತು ಹಿಡಿಯಬಹುದು, ಯಾಕೆಂದರೆ ಈ ರೀತಿ ಮಾಡುವವರು ಅವರೊಬ್ಬರೇ ಅಲ್ಲ.

ನಮ್ಮದು ಪೆರ್ಲದ ಹತ್ತಿರ ಹಾಳೆ ತಟ್ಟೆ ಘಟಕ. ನಾನೂ ತಮ್ಮನೂ ನೋಡಿಕೊಳ್ಳುತ್ತೇವೆ. ಮೊದಲು ಮಂಗಳೂರಿನ ಒಬ್ಬ ವ್ಯಾಪಾರಿಗೆ ಮಾಲು ಕೊಡುತ್ತಿದ್ದೆವು, ಅವರು ಹೊರಗೆ ಕಳಿಸುತ್ತಿದ್ದರು. ಆಮೇಲೆ ಸ್ವಂತ ಐಇಸಿ (ಆಮದು-ರಫ್ತು ಮಾಡಲು ಬೇಕಾದ ಸರಕಾರಿ ನಂಬರ್) ಮಾಡಿಸಿ ಪಣಂಬೂರು ಬಂದರಿನಿಂದ ನಾವೇ ಕಳಿಸಲು ಶುರು ಮಾಡಿದೆವು. 2025ರಲ್ಲಿ ಅಮೆರಿಕದ ಪಾರ್ಟಿ ಒಂದು ದೊಡ್ಡ ಆರ್ಡರ್ ಕೊಟ್ಟು, ಜೊತೆಗೆ ಹೊರಗಿನವರಿಂದ ಒಂದು ಕಂಪ್ಲಯನ್ಸ್ ರಿಪೋರ್ಟ್ ಬೇಕು ಅಂದಿತು. ಕೊಚ್ಚಿಯಲ್ಲಿ ಕೇಳಿದರೆ ಮಾತು ಎಲ್ಲ ಇಂಗ್ಲಿಷಿನಲ್ಲಿ, ಜಾಸ್ತಿ ಒತ್ತಿ ಕೇಳಿದರೆ ಮಲಯಾಳದಲ್ಲಿ. ಈ ಕನ್ಸಲ್ಟೆನ್ಸಿಯವರು ಕನ್ನಡ, ತುಳು ಎರಡೂ ಮಾತಾಡುತ್ತಿದ್ದರು. ಗಡಿಯಲ್ಲಿರುವ ನಮ್ಮಂಥವರಿಗೆ ಅದೇ ದೊಡ್ಡ ವಿಷಯ, ಅಲ್ವಾ? ಭಾಷೆ ಗೊತ್ತಿದ್ದವನಿಗೆ ಕೆಲಸವೂ ಗೊತ್ತಿರುತ್ತದೆ ಅಂತ ಅನ್ನಿಸಿಬಿಡುತ್ತದೆ. ಇಂಥವರು ಬಂಡವಾಳ ಮಾಡಿಕೊಳ್ಳುವುದೂ ಅದನ್ನೇ.

ಫೀಸು 65,000 ರೂಪಾಯಿ, ಮೇಲೆ ಜಿಎಸ್‌ಟಿ. ಅರ್ಧ ಮುಂಗಡ. ಒಬ್ಬ ಹುಡುಗ ಬಂದು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ರಫ್ತಿಗೆ ಮೊದಲು ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್‌ಗಳ ಫೋಟೋ ತೆಗೆದುಕೊಂಡು ಹೋದ. ಘಟಕದ ಒಳಗೆ ಕಾಲಿಡಲಿಲ್ಲ. ಹಾಳೆಯನ್ನು ಹೇಗೆ ತೊಳೆಯುತ್ತೀರಿ, ಎಲ್ಲಿ ಒಣಗಿಸುತ್ತೀರಿ, ತಟ್ಟೆಯನ್ನು ಅಲ್ಲಿ ಯಾರು ಯಾವುದಕ್ಕೆ ಬಳಸುತ್ತಾರೆ, ಒಂದೂ ಕೇಳಲಿಲ್ಲ.

ರಿಪೋರ್ಟ್ ಬಂದಾಗ ದಪ್ಪ ಇತ್ತು. ಒಳ್ಳೆ ಬೈಂಡಿಂಗ್. ಪ್ರತಿ ಪುಟದಲ್ಲಿ ಹಸಿರು ಟಿಕ್. ತಮ್ಮ ಕೂತು ಪೂರ್ತಿ ಓದಿದ. ನಡುವೆ ಒಂದು ಕಡೆ "ಶೀತಲೀಕರಣದ ಉಷ್ಣತೆಯ ದಾಖಲೆ ತೃಪ್ತಿಕರ" ಅಂತ ಇತ್ತು. ಅದರ ಕೆಳಗೆ ರಫ್ತು ತಪಾಸಣಾ ಮಂಡಳಿಯ ಅನುಮೋದನೆಯ ಬಗ್ಗೆ ಒಂದು ಪ್ಯಾರ. ಅದು ಸಿಗಡಿ, ಮೀನು ಕಳಿಸುವವರಿಗೆ ಬೇಕಾದದ್ದು. ಪುರೋಹಿತರು ಗೋತ್ರ, ಹೆಸರು ಮಾತ್ರ ಬದಲಿಸಿ ಅದೇ ಸಂಕಲ್ಪ ಹೇಳಿದ ಹಾಗೆ, ಯಾವುದೋ ಮೀನಿನ ಕಂಪನಿಯ ರಿಪೋರ್ಟಿಗೆ ನಮ್ಮ ಹೆಸರು ಹಾಕಿದ್ದರು. ಕೇಳಿದ್ದಕ್ಕೆ "ಟೈಪಿಂಗ್ ಮಿಸ್ಟೇಕ್ ಅಕ್ಕ" ಅಂದು ಆ ಪುಟ ತೆಗೆದು ಹೊಸ ಪಿಡಿಎಫ್ ಕಳಿಸಿದರು.

ಇದು ನಗುವ ವಿಷಯ. ಮುಂದಿನದ್ದು ಅಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳ ಮೇಲೆ ಆಮದು ಎಚ್ಚರಿಕೆ ಹೊರಡಿಸಿತ್ತು. ಅಡಿಕೆಯಲ್ಲಿರುವ ಅರೆಕೋಲಿನ್ ಥರದ ಅಂಶಗಳು ಹಾಳೆಯಲ್ಲೂ ಇವೆ, ಅವು ತಟ್ಟೆಯಿಂದ ಊಟಕ್ಕೆ ಇಳಿಯಬಹುದು, ಹಾಗಾಗಿ ಊಟದ ಪಾತ್ರೆಯಾಗಿ ಬಳಸಲು ಇದಕ್ಕೆ ಒಪ್ಪಿಗೆ ಇಲ್ಲ ಅನ್ನುವುದು ಅವರ ವಾದ. ಇಂಥ ಎಚ್ಚರಿಕೆ ಇದ್ದರೆ ಅಲ್ಲಿನ ಅಧಿಕಾರಿಗಳು ಪೆಟ್ಟಿಗೆ ಬಿಚ್ಚಿ ಪರೀಕ್ಷೆ ಮಾಡಬೇಕೆಂದೇ ಇಲ್ಲ. ಬಂದರಿನಲ್ಲೇ ತಡೆಹಿಡಿಯಬಹುದು. ತಲೆತಲಾಂತರದಿಂದ ನಾವು ಹಾಳೆಯಲ್ಲಿ ಉಣ್ಣುತ್ತಾ ಬಂದಿದ್ದೇವೆ, ಅದು ಬೇರೆ ವಿಷಯ. ಅಲ್ಲಿನ ಕಾನೂನಿಗೆ ನಮ್ಮ ಅಜ್ಜಿಯ ಸಾಕ್ಷಿ ಬೇಡ.

ಈ ಸುದ್ದಿ ನಮ್ಮ ಕಿವಿಗೂ ಬಿದ್ದಿತ್ತು. ಅದಕ್ಕೇ ರಿವ್ಯೂ ನಡೆಯುವಾಗಲೇ ವಾಟ್ಸಾಪಿನಲ್ಲಿ ನೇರವಾಗಿ ಕೇಳಿದೆವು. ಹಾಳೆ ತಟ್ಟೆಗೆ ಅಮೆರಿಕದಲ್ಲಿ ತಡೆ ಉಂಟು ಅನ್ನುತ್ತಾರೆ, ನಿಜವಾ, ಕಳಿಸಬಹುದಾ? ಅವರ ಉತ್ತರ ಇವತ್ತಿಗೂ ಫೋನಿನಲ್ಲಿದೆ: "ಅದು ತಿನ್ನುವ ಅಡಿಕೆಗೆ ಅಕ್ಕ, ಹಾಳೆಗೆ ಅಲ್ಲ. ಎಚ್‌ಎಸ್ ಕೋಡೇ ಬೇರೆ. ಟೆನ್ಶನ್ ಮಾಡ್ಬೇಡಿ, ಲೋಡ್ ಮಾಡಿ." (ಎಚ್‌ಎಸ್ ಕೋಡ್ ಅಂದರೆ ಮಾಲು ಯಾವ ವರ್ಗದ್ದು ಅಂತ ಕಸ್ಟಮ್ಸ್ ಗುರುತಿಸುವ ನಂಬರ್.) ಎಫ್‌ಡಿಎ ತನ್ನ ಎಚ್ಚರಿಕೆಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿದೆ. ಹುಡುಕಿದರೆ ಸಿಗುತ್ತದೆ. ದುಡ್ಡು ತೆಗೆದುಕೊಂಡವರು ಅದನ್ನು ತೆರೆದೂ ನೋಡದೆ ಬಾಯಿಗೆ ಬಂದದ್ದು ಹೇಳಿದ್ದಾರೆ. ಅಮೆರಿಕದ ಪಾರ್ಟಿಗೂ ಗೊತ್ತಿರಬೇಕಿತ್ತು, ನಿಜ. ಆದರೆ ಆಗ ಅವರ ತಲೆಯಲ್ಲಿ ಇದ್ದದ್ದು ಸುಂಕ ಒಂದೇ. ಆಗಸ್ಟ್ ಕೊನೆಗೆ ಭಾರತದ ಮಾಲಿನ ಮೇಲೆ ಸುಂಕ 50 ಶೇಕಡಾಕ್ಕೆ ಏರಿತಲ್ಲ, ಅದಕ್ಕೆ ಮೊದಲು ಕಳಿಸಿ, ಬೇಗ ಕಳಿಸಿ ಅಂತ ದಿನಾ ಮೆಸೇಜ್. ರಿಪೋರ್ಟ್ ಕೈಗೆ ಸಿಕ್ಕಿದ ಮೇಲೆ ಅವರೂ ನಿಶ್ಚಿಂತೆ.

ಮಾಲು ಅಲ್ಲಿ ಇಳಿಯಿತು, ಅಲ್ಲೇ ನಿಂತಿತು. ಮೊದಲು ನೋಟಿಸ್, ಆಮೇಲೆ ಪ್ರವೇಶ ನಿರಾಕರಣೆ. ಹಾಗೆ ನಿರಾಕರಿಸಿದ ಮಾಲನ್ನು 90 ದಿನದೊಳಗೆ ವಾಪಸ್ ಸಾಗಿಸಬೇಕು, ಇಲ್ಲವೇ ನಾಶ ಮಾಡಬೇಕು. ವಾಪಸ್ ತರುವ ಹಡಗಿನ ಬಾಡಿಗೆ ತಟ್ಟೆಯ ಬೆಲೆಗಿಂತ ಜಾಸ್ತಿ. ನಾಶ ಮಾಡಿಸಿದೆವು. ಅದಕ್ಕೂ ನಾವೇ ದುಡ್ಡು ಕೊಟ್ಟೆವು, ಅಲ್ಲಿವರೆಗೆ ಗೋದಾಮಿನಲ್ಲಿ ಕೂತ ಬಾಡಿಗೆಯೂ ನಮ್ಮದೇ.

ಅಷ್ಟಕ್ಕೇ ಮುಗಿಯಲಿಲ್ಲ. ಜನ ಮರೆಯುವ ಭಾಗ ಇದು. ರಫ್ತು ಮಾಡಿದ ಪ್ರತಿ ಶಿಪ್ಪಿಂಗ್ ಬಿಲ್ ಇಡಿಪಿಎಂಎಸ್‌ನಲ್ಲಿ, ಅಂದರೆ ರಫ್ತಿನ ಹಣ ಬಂತಾ ಅಂತ ಬ್ಯಾಂಕಿನವರು ನೋಡುವ ರಿಸರ್ವ್ ಬ್ಯಾಂಕಿನ ಕಂಪ್ಯೂಟರ್ ದಾಖಲೆಯಲ್ಲಿ, ತೆರೆದುಕೊಂಡಿರುತ್ತದೆ, ಹಣ ಬರುವ ತನಕ ಮುಚ್ಚುವುದಿಲ್ಲ. ಹಣ ತರಿಸಲು 9 ತಿಂಗಳಿದ್ದ ಗಡುವನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರಿನಲ್ಲಿ 15 ತಿಂಗಳಿಗೆ ಏರಿಸಿದೆ. ಆದರೆ ಮಾಲೇ ಇಲ್ಲದ ಮೇಲೆ ಹಣ ಎಲ್ಲಿಂದ ಬರಬೇಕು? ಬ್ಯಾಂಕಿನವರು ಅದನ್ನು ರೈಟ್ ಆಫ್ ಮಾಡಬಹುದು, ಅಂದರೆ ಬಾರದ ಹಣ ಅಂತ ಲೆಕ್ಕದಿಂದ ತೆಗೆಯಬಹುದು, ಅಲ್ಲಿನ ಅಧಿಕಾರಿಗಳ ಆದೇಶದಿಂದ ಮಾಲು ನಾಶವಾದ ಸಂದರ್ಭಕ್ಕೆ ನಿಯಮದಲ್ಲಿ ಅವಕಾಶ ಇದೆ. ಅದಕ್ಕೆ ನಾಶ ಮಾಡಿದ ದಾಖಲೆ ಬೇಕು, ನಿರಾಕರಣೆಯ ಪತ್ರ ಬೇಕು, ಎಲ್ಲವೂ ಹೆಸರು, ನಂಬರು ಹೊಂದಿಕೊಂಡಿರಬೇಕು. ಆ ಮಾಲಿನ ಮೇಲೆ ರೋಡ್‌ಟೆಪ್ (ರಫ್ತುದಾರರಿಗೆ ಸರಕಾರ ಕೆಲವು ತೆರಿಗೆ ವಾಪಸ್ ಕೊಡುವ ಯೋಜನೆ) ಸಿಕ್ಕಿದ್ದರೆ ಅದನ್ನೂ ವಾಪಸ್ ಕಟ್ಟಬೇಕು, ಹಣ ಬಾರದ ರಫ್ತಿಗೆ ಆ ಲಾಭ ಇಲ್ಲ. ನಿಮಗೆ ಯಾವತ್ತಾದರೂ ಮಾಲು ತಡೆಹಿಡಿದರೆ ಮೊದಲ ದಿನವೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ.

ಕನ್ಸಲ್ಟೆನ್ಸಿಯವರಿಗೆ ಫೋನ್ ಮಾಡಿದೆವು. ರಿಪೋರ್ಟಿನ ಕೊನೆ ಪುಟ ನೋಡಿ ಅಂದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಇದು ಸಲಹೆ ಮಾತ್ರ, ಹೊಣೆ ನಮ್ಮದಲ್ಲ, ಪರಿಶೀಲನೆ ಭಾರತದ ನಿಯಮಗಳಿಗೆ ಮಾತ್ರ ಅಂತ ಇದೆ. ಹೋಗಲಿ, ಭಾರತದ ನಿಯಮವನ್ನಾದರೂ ಸರಿಯಾಗಿ ನೋಡಿದ್ದಾರಾ ಅಂತ ನಮ್ಮ ಈಗಿನ ಸಿಎ ಹತ್ತಿರ ಕೊಟ್ಟೆವು. ಅಲ್ಲಿ ಇನ್ನೊಂದು ರಾಮಾಯಣ.

ಕನ್ಸಲ್ಟೆನ್ಸಿಯವರ ಬಿಲ್ಲಿನಲ್ಲಿ ಎಲ್‌ಯುಟಿ (ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಇಲಾಖೆಗೆ ಕೊಡುವ ಮುಚ್ಚಳಿಕೆ) ಹಾಕಿದ್ದಕ್ಕೆ ಬೇರೆ ಫೀಸು ಇತ್ತು. ಎಲೆ, ಹೂ, ತೊಗಟೆಯಿಂದ ಮಾಡಿದ ತಟ್ಟೆ ಲೋಟಕ್ಕೆ 2019ರಿಂದ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಮಾಲು ರಫ್ತು ಮಾಡುವವರಿಗೆ ಎಲ್‌ಯುಟಿ ಬೇಕಾಗಿಲ್ಲ ಅಂತ 2018ರ ಮೇ ತಿಂಗಳ ಸುತ್ತೋಲೆಯಲ್ಲೇ ಇದೆ. ಬೇಡದ್ದಕ್ಕೆ ದುಡ್ಡು ತೆಗೆದುಕೊಂಡರು. ಬೇಕಾದದ್ದನ್ನು ಹೇಳಲೇ ಇಲ್ಲ: ರಟ್ಟಿನ ಪೆಟ್ಟಿಗೆ, ಸುತ್ತುವ ಶ್ರಿಂಕ್ ಪ್ಲಾಸ್ಟಿಕ್ ಇವಕ್ಕೆಲ್ಲ ನಾವು ಕಟ್ಟಿದ ಜಿಎಸ್‌ಟಿಯನ್ನು ರಫ್ತಿನ ಲೆಕ್ಕದಲ್ಲಿ ವಾಪಸ್ ಕೇಳಬಹುದು, ಅದೇ ಸುತ್ತೋಲೆಯಲ್ಲಿ ಅದೂ ಇದೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಈಗ ಹಾಕುತ್ತಿದ್ದೇವೆ. ಇನ್ನೊಂದು, ಐಇಸಿ ರಿನ್ಯೂವಲ್ ಅಂತ ಬಿಲ್ ಮಾಡಿದ್ದರು. ಐಇಸಿಗೆ ರಿನ್ಯೂವಲ್ಲೇ ಇಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ತಾಣಕ್ಕೆ ಹೋಗಿ ವಿವರ ಸರಿ ಇದೆ ಅಂತ ದೃಢಪಡಿಸಬೇಕು, ಆ ಮೂರು ತಿಂಗಳಲ್ಲಿ ಅದಕ್ಕೆ ಸರಕಾರಿ ಶುಲ್ಕ ಇಲ್ಲ. ಮಾಡದಿದ್ದರೆ ಐಇಸಿ ನಿಷ್ಕ್ರಿಯ ಆಗುತ್ತದೆ, ಅಷ್ಟೇ. ನಮ್ಮ ಹಳೆಯ ಶಿಪ್ಪಿಂಗ್ ಬಿಲ್‌ಗಳಲ್ಲಿ ಒಂದರಲ್ಲಿ 46ನೇ ಅಧ್ಯಾಯದ ಎಚ್‌ಎಸ್ ಕೋಡ್, ಇನ್ನೊಂದರಲ್ಲಿ 14ನೇ ಅಧ್ಯಾಯದ ಕೋಡ್ ಇತ್ತು. ಒಂದೇ ತಟ್ಟೆ, ಎರಡು ಕೋಡ್. ನಿಜವಾದ ಪರಿಶೀಲನೆಯಲ್ಲಿ ಮೊದಲು ಸಿಕ್ಕಿಬೀಳಬೇಕಾದದ್ದು ಇದೇ. ಅವರು ಎರಡಕ್ಕೂ ಹಸಿರು ಟಿಕ್ ಹಾಕಿದ್ದಾರೆ!

ಡಿಜಿಟಲ್ ಸಹಿಯ ಕಥೆ ಹೇಳದಿದ್ದರೆ ಆಗುವುದಿಲ್ಲ. ಡಿಎಸ್‌ಸಿ ಅನ್ನುವ ಆ ಸಹಿ ಪೆನ್‌ಡ್ರೈವ್ ಥರದ ಒಂದು ಟೋಕನಿನಲ್ಲಿ ಇರುತ್ತದೆ. "ಡಿಎಸ್‌ಸಿ ಟೋಕನ್ ನಮ್ಮಲ್ಲೇ ಇರಲಿ, ಪ್ರತಿ ಸಲ ಯಾಕೆ ಓಡಾಡ್ತೀರಿ" ಅಂತ ನಯವಾಗಿ ಕೇಳಿ ಇಟ್ಟುಕೊಂಡರು. ಡಿಜಿಎಫ್‌ಟಿ ಖಾತೆಗೆ ತಮ್ಮದೇ ಇಮೇಲ್, ಮೊಬೈಲ್ ನಂಬರ್ ಹಾಕಿದ್ದರು. ಜಗಳ ಆದ ಮೇಲೆ ನಾವು ಲಾಗಿನ್ ಮಾಡಲು ಹೋದರೆ ಒಟಿಪಿ ಅವರಿಗೆ ಹೋಗುತ್ತದೆ. ಬಾಕಿ ಫೀಸು ಕೊಡಿ, ಆಮೇಲೆ ನಂಬರ್ ಬದಲಿಸಿ ಕೊಡ್ತೇವೆ ಅಂದರು. ಯೋಚಿಸಿ ನೋಡಿ, ಇಲಾಖೆಯಿಂದ ನಮಗೆ ಬರುವ ನೋಟಿಸ್ ಎಲ್ಲ ಅವರ ಇಮೇಲಿಗೆ, ನಮ್ಮ ಸಹಿ ಅವರ ಮೇಜಿನ ಡ್ರಾಯರಿನಲ್ಲಿ. ಆ ಸಹಿಯಿಂದ ಏನು ಸಲ್ಲಿಸಿದರೂ ಕಾನೂನಿನ ಕಣ್ಣಿಗೆ ಅದು ನಾವೇ ಮಾಡಿದ್ದು. ಬಾಕಿ ಕೊಟ್ಟೇ ಬಿಡಿಸಿಕೊಂಡೆವು. ಹಳೆಯ ಟೋಕನಿನ ಸರ್ಟಿಫಿಕೇಟ್ ರದ್ದು ಮಾಡಿಸಿ ಹೊಸತು ತೆಗೆದುಕೊಂಡೆವು.

ಇನ್ನೊಂದು ವಿಷಯ ಸುಮಾರು ಜನರಿಗೆ ಗೊತ್ತಿಲ್ಲ. ಕಸ್ಟಮ್ಸ್ ಬ್ರೋಕರ್ ಆಗಲು ಪರೀಕ್ಷೆ ಪಾಸಾಗಿ ಇಲಾಖೆಯ ಲೈಸೆನ್ಸ್ ಪಡೆಯಬೇಕು, 2018ರ ನಿಯಮಾವಳಿ ಇದೆ, ತಪ್ಪು ಮಾಡಿದರೆ ಲೈಸೆನ್ಸ್ ಹೋಗುತ್ತದೆ. ಸಿಎಗಳಿಗೆ ಅವರ ಸಂಸ್ಥೆ ಇದೆ, ದೂರು ಕೊಡಬಹುದು. ಆದರೆ ರಫ್ತು ಕಂಪ್ಲಯನ್ಸ್ ಕನ್ಸಲ್ಟೆಂಟ್ ಅಂತ ಬೋರ್ಡ್ ಹಾಕಲು ಯಾವ ಲೈಸೆನ್ಸೂ ಬೇಡ. ಅವರು ಕೊಡುವ ಸರ್ಟಿಫಿಕೇಟಿಗೆ ಕಸ್ಟಮ್ಸ್ ಮುಂದೆ ಬೆಲೆಯೂ ಇಲ್ಲ. ಶಿಪ್ಪಿಂಗ್ ಬಿಲ್ಲಿನಲ್ಲಿ ಬರೆದದ್ದು ಸತ್ಯ ಅಂತ ಹೊಣೆ ಹೊರುವುದು ರಫ್ತುದಾರ. ಈ ಕೆಲಸ ಮಾಡುವವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಈಗ ನಮ್ಮ ಕಾಗದ ನೋಡುತ್ತಿರುವವರು ಮೊದಲ ದಿನವೇ ಘಟಕಕ್ಕೆ ಬಂದರು, ಪೆಟ್ಟಿಗೆ ಬಿಚ್ಚಿಸಿದರು, ಮರದ ಪ್ಯಾಲೆಟ್ ಮೇಲೆ ಶಾಖ ಕೊಟ್ಟ ಗುರುತಿನ ಮುದ್ರೆ ಇದೆಯಾ ಅಂತ ಬಗ್ಗಿ ನೋಡಿದರು, ಮಾಲು ಯಾವ ದೇಶಕ್ಕೆ ಹೋಗುತ್ತದೆ ಅಂತ ಕೇಳಿ ಆ ದೇಶದ ನಿಯಮವನ್ನು ಬೇರೆಯೇ ಬರೆದುಕೊಂಡರು. ರಿಪೋರ್ಟ್ ಸಣ್ಣದು, ಅರ್ಧಕ್ಕರ್ಧ ಕೆಂಪು ಗುರುತು.

ಕೊಟ್ಟ ಫೀಸು ವಾಪಸ್ ಕೇಳಿ ಮೊದಲಿನವರಿಗೆ ವಕೀಲರಿಂದ ಪತ್ರ ಹೋಗಿದೆ. ಉತ್ತರವಾಗಿ ಮುಂದಿನ ವರ್ಷದ ರಿವ್ಯೂ ಅರ್ಧ ಬೆಲೆಗೆ ಮಾಡಿಕೊಡ್ತೇವೆ ಅಂದಿದ್ದಾರೆ. ಈಗ ಸೀತಾಂಗೋಳಿ, ಅನಂತಪುರ ಕಡೆಯ ಘಟಕಗಳಿಗೂ ಕನ್ನಡದಲ್ಲೇ ನಯವಾಗಿ ಮಾತಾಡಿಕೊಂಡು ಇಂಥ ಫೋನುಗಳು ಹೋಗುತ್ತಿವೆ ಅಂತ ಕೇಳಿದೆ. ನಿಮಗೂ ಬಂದರೆ ಒಪ್ಪಂದದಲ್ಲಿ ಯಾವ ದೇಶದ ಯಾವ ನಿಯಮ ನೋಡುತ್ತಾರೆ ಅಂತ ಹೆಸರು ಹಾಕಿ ಬರೆಸಿ. ನಿಮ್ಮ ಮಾಲಿಗೆ ಅಲ್ಲಿ ತಡೆ ಇಲ್ಲ ಅಂದರೆ ಎಲ್ಲಿ ನೋಡಿ ಹೇಳುತ್ತಿದ್ದಾರೆ ಅಂತ ಲಿಂಕ್ ಕೇಳಿ. ಟೋಕನ್ ಮಾತ್ರ ಯಾರ ಕೈಗೂ ಕೊಡಬೇಡಿ. ಆಗಲೇ ಕೊಟ್ಟಿದ್ದರೆ ಇವತ್ತೇ ಹೋಗಿ ತನ್ನಿ, ಹಾಗೇ ಡಿಜಿಎಫ್‌ಟಿ ಖಾತೆಯಲ್ಲಿ ಯಾರ ಮೊಬೈಲ್ ನಂಬರ್ ಇದೆ ಅಂತ ಒಮ್ಮೆ ನೋಡಿಕೊಳ್ಳಿ.