ಆರು ವರ್ಷ ಪೀಪಾಯಿಯಲ್ಲಿ, ಎರಡು ಸಂಜೆ ನನ್ನ ಗ್ಲಾಸಿನಲ್ಲಿ

ಮೊದಲ ಗುಟುಕು ನನಗೆ ಹಿಡಿಸಲಿಲ್ಲ. ಸ್ಪೇನಿನ ರಿಯೋಹಾ ಸೀಮೆಯ ಆರೋ ಎಂಬ ಪುಟ್ಟ ಊರಿನ ಹಳೆ ಪೇಟೆಯಲ್ಲಿ, ಯಾವುದೋ ಬಾರಿನಲ್ಲಿ ನಿಂತುಕೊಂಡೇ ಕುಡಿದದ್ದು. ಬಾಟಲಿ ತೆರೆದು ಎಷ್ಟು ದಿನವಾಗಿತ್ತೋ, ಕಾಫಿ ಯಂತ್ರದ ಪಕ್ಕಕ್ಕೇ ಇಟ್ಟಿದ್ದರು. ಜುಲೈ ತಿಂಗಳು ಬೇರೆ. ಬೆಚ್ಚಗಿನ ಕೆಂಪು ವೈನಿನಲ್ಲಿ ಮೂಗಿಗೆ ಬಂದದ್ದು ಸ್ಪಿರಿಟ್ಟಿನ ಘಾಟು, ಅದರ ಬೆನ್ನಿಗೇ ಕೊಬ್ಬರಿ ಎಣ್ಣೆ. ಇಷ್ಟಕ್ಕಾಗಿ ಬಿಲ್ಬಾವೊದಿಂದ ಬಸ್ಸು ಹತ್ತಿ ಬಂದೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಮಾರನೇ ದಿನ ಬುದ್ಧಿ ಬಂದು, ಬಾಟಲಿಯನ್ನೇ ಕೊಂಡೆ. ವೈನ್ ತಯಾರಿಸುವ ಲೋಪೆಸ್ ದೆ ಎರೆದಿಯಾ ಮನೆತನದ ವಿನ್ಯಾ ತೊಂಡೋನಿಯಾ ರೆಸೆರ್ವಾ (ರೆಸೆರ್ವಾ ಅಂದರೆ ಇಂತಿಷ್ಟು ವರ್ಷ ಮಾಗಿಸಿದ ವೈನಿನ ದರ್ಜೆ), 2011ರ ಫಸಲು, ನಲವತ್ತು ಯೂರೋ ಆಸುಪಾಸು. ಉಳಿದುಕೊಂಡಿದ್ದ ಕೋಣೆಯ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು, ಮುಚ್ಚಳ ತೆಗೆದು ಇನ್ನೊಂದು ಗಂಟೆ ಸುಮ್ಮನೆ ಬಿಟ್ಟೆ. ಈ ಕಾಯುವ ಕೆಲಸ ತಪ್ಪಿಸಬೇಡಿ.

ಬಣ್ಣ ನೋಡಿದರೆ ಕೆಂಪು ವೈನೆಂದರೆ ಕಪ್ಪಗೆ ಗಟ್ಟಿಯಾಗಿರಬೇಕು ಅನ್ನುವವರಿಗೆ ನಿರಾಸೆಯಾದೀತು. ತೆಳು ಮಾಣಿಕ್ಯದ ಬಣ್ಣ, ಅಂಚಿನಲ್ಲಿ ಇಟ್ಟಿಗೆಯ ಛಾಯೆ, ಗ್ಲಾಸಿನಾಚೆ ಹಿಡಿದ ಬೆರಳು ಕಾಣುವಷ್ಟು ತಿಳಿ. ಜೊತೆಗಿದ್ದ ಅಕ್ಕ ಕುಡಿಯುವವಳಲ್ಲ. ಮೂಸಿ ಮಾತ್ರ ನೋಡಿ, "ಬೀಗ ಹಾಕಿಟ್ಟ ಪುಸ್ತಕದ ಕಪಾಟು" ಅಂದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಹೀಗೆ: ಒಣಗಿದ ಚೆರ್ರಿ, ಕಿತ್ತಳೆ ಸಿಪ್ಪೆ, ಚರ್ಮದ ಚೀಲ, ತಂಬಾಕು, ಕೊನೆಗೆ ಸ್ವಲ್ಪ ವೆನಿಲ್ಲಾ. ಅಕ್ಕನ ಒಂದು ಮಾತೇ ವಾಸಿ.

ಬಾಯಿಗೆ ಬಂದಾಗ ಮೊದಲು ಸಿಗುವುದು ಹುಳಿ. ಚುರುಕಾದ, ಬಾಯಲ್ಲಿ ನೀರೂರಿಸುವ ಹುಳಿ. ಒಗರು ಆಮೇಲೆ ಬರುತ್ತದೆ, ಬಂದರೂ ನಾಲಿಗೆಯನ್ನು ಎಳೆದು ಹಿಡಿಯುವುದಿಲ್ಲ. ನೆಲ್ಲಿಕಾಯಿ ತಿಂದು ಸ್ವಲ್ಪ ಹೊತ್ತಾದ ಮೇಲೆ ಉಳಿಯುವ ಹಾಗೆ, ಅಂಚಿನಲ್ಲಷ್ಟೇ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತೆಂದರೆ, ಅಕ್ಕನ ಪ್ರಶ್ನೆಯೊಂದಕ್ಕೆ ಉತ್ತರ ಕೊಡುವುದೇ ಮರೆತುಹೋಯಿತು.

ನನಗೆ ಸೋಜಿಗವೆನಿಸಿದ್ದು ಮರದ ವಿಷಯ. ಈ ವೈನು ಓಕ್ ಪೀಪಾಯಿಯಲ್ಲಿ ಸುಮಾರು ಆರು ವರ್ಷ ಕಳೆದಿರುತ್ತದೆ. ರಿಯೋಹಾದ ನಿಯಮದ ಪ್ರಕಾರ ಕೆಂಪು ರೆಸೆರ್ವಾಗೆ ಒಟ್ಟು ಮೂರು ವರ್ಷ ಸಾಕು, ಅದರಲ್ಲಿ ಪೀಪಾಯಿಯಲ್ಲಿ ಒಂದೇ ವರ್ಷ, ಬಾಟಲಿಯಲ್ಲಿ ಆರು ತಿಂಗಳು. ಅದಕ್ಕೂ ಮೇಲಿನ ದರ್ಜೆಯಾದ ಗ್ರಾನ್ ರೆಸೆರ್ವಾಗೂ ಒಟ್ಟು ಐದೇ ವರ್ಷ. ಅಂದರೆ ಇವರು ರೆಸೆರ್ವಾ ಅಂತ ಮಾರುವುದು ಪಕ್ಕದವರ ಗ್ರಾನ್ ರೆಸೆರ್ವಾಗಿಂತ ಹೆಚ್ಚು ಕಾಲ ಮರದಲ್ಲಿ ಕೂತಿರಬಹುದು. ಹಾಗಿದ್ದರೆ ಹಲಗೆ ನೆಕ್ಕಿದ ಹಾಗಿರಬೇಕಲ್ಲವೇ? ಇಲ್ಲ. ಹಿಂದಿನ ದಿನದ ಆ ಕೊಬ್ಬರಿ ಎಣ್ಣೆ ಇಲ್ಲಿ ಹುಡುಕಿದರೂ ಸರಿಯಾಗಿ ಸಿಗಲಿಲ್ಲ.

ಕೊಬ್ಬರಿ, ವೆನಿಲ್ಲಾ ಎಲ್ಲ ಅಮೆರಿಕದ ಓಕ್ ಮರದ ಗುಣ. ಹೊಸ ಪೀಪಾಯಿ ಅದನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ, ಹಳೆಯದರಲ್ಲಿ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ. ಲೋಪೆಸ್ ದೆ ಎರೆದಿಯಾದಲ್ಲಿ ಪೀಪಾಯಿ ಕಟ್ಟುವ ಬಡಗಿಗಳು ಮನೆಯೊಳಗೇ ಇದ್ದಾರೆ. ಕಟ್ಟಿದ್ದನ್ನು ರಿಪೇರಿ ಮಾಡಿಕೊಂಡು ದಶಕಗಟ್ಟಲೆ ಬಳಸುತ್ತಾರೆ. ಹಳೆ ಮರ ಇಲ್ಲಿ ಮಾಡುವ ಕೆಲಸ ಗಾಳಿಯನ್ನು ಚೂರುಚೂರೇ ಒಳಗೆ ಬಿಡುವುದು. ವರ್ಷಕ್ಕೆ ಎರಡು ಸಲ ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬಗ್ಗಿಸಿ ಗಸಿಯನ್ನು ಹಿಂದೆ ಬಿಡುತ್ತಾರೆ, ಮೊಟ್ಟೆಯ ಬಿಳಿ ಹಾಕಿ ತಿಳಿಗೊಳಿಸುತ್ತಾರೆ, ಸೋಸುವುದಿಲ್ಲ. ಆದ್ದರಿಂದ ಬಾಟಲಿಯ ತಳಕ್ಕೆ ಬಂದಾಗ ಕೈ ನಿಧಾನವಾಗಲಿ. ನಾನು ಆತುರಪಟ್ಟು ಕೊನೆಯ ಗ್ಲಾಸಿನಲ್ಲಿ ಒಂದಿಷ್ಟು ಗಸಿ ಕುಡಿದೆ.

ಇವರ ಕಟ್ಟಡ ಇರುವುದು ರೈಲು ನಿಲ್ದಾಣದ ಬದಿಯ ಬಡಾವಣೆಯಲ್ಲಿ. 1877ರಲ್ಲಿ ಶುರುವಾದದ್ದು. ಫಿಲೋಕ್ಸೆರಾ ಹೇನು ಫ್ರಾನ್ಸಿನ ಬಳ್ಳಿಗಳನ್ನು ತಿಂದುಹಾಕುತ್ತಿದ್ದಾಗ ಅಲ್ಲಿನ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬಂದರು, ಸಾಗಿಸಲು ರೈಲಿತ್ತು, ಅದರ ಪಕ್ಕಕ್ಕೇ ನೆಲಮಾಳಿಗೆಗಳೆದ್ದವು. ಕೂನೆ, ಲಾ ರಿಯೋಹಾ ಆಲ್ತಾ, ಮೂಗಾ ಮೊದಲಾದ ಬೇರೆ ವೈನ್ ತಯಾರಕರ ನೆಲಮಾಳಿಗೆಗಳೂ ಇಲ್ಲೇ ನಡೆದು ಮುಟ್ಟುವಷ್ಟು ದೂರದಲ್ಲಿವೆ. ಲೋಪೆಸ್‌ನವರ ಬಾಗಿಲಲ್ಲಿ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸ ಮಾಡಿದ ಹೊಳೆಯುವ ಮಂಟಪವೊಂದಿದೆ, ಅದರ ಹೊಟ್ಟೆಯೊಳಗೆ 1910ರ ಬ್ರಸೆಲ್ಸ್ ಮೇಳಕ್ಕೆ ಮಾಡಿಸಿದ್ದ ಮರದ ಮಳಿಗೆ. ನನಗೆ ಮರದ್ದೇ ಚೆನ್ನಾಗಿ ಕಂಡಿತು. ನೆಲಮಾಳಿಗೆಯಲ್ಲಿ ಮಾತ್ರ ಜೇಡರ ಬಲೆಗಳು ಪರದೆಯಂತೆ ಇಳಿಬಿದ್ದಿವೆ. ಬೇಕೆಂದೇ ತೆಗೆಯುವುದಿಲ್ಲವಂತೆ: ಕಾರ್ಕು ಕೊರೆಯುವ ಹುಳುವಿನ ಪತಂಗಗಳನ್ನು ಜೇಡಗಳೇ ನೋಡಿಕೊಳ್ಳುತ್ತವೆ. ಅಕ್ಕ ಸೆರಗು ತಲೆಗೆ ಹೊದ್ದುಕೊಂಡೇ ನಡೆದಳು.

ಎಲ್ಲರಿಗೂ ಇದು ಒಗ್ಗದು. ಹಣ್ಣಿನ ರಸ ತುಂಬಿದ, ಮೃದುವಾದ, ತುಸು ಸಿಹಿ ಅನ್ನಿಸುವ ವೈನು ಬೇಕಿದ್ದವರು ತೆಂಪ್ರಾನಿಯೋ ಎಂಬ ದ್ರಾಕ್ಷಿಯ ಎಳೆಯ ವೈನು ಕೊಳ್ಳಿ, ಕಾಲು ಭಾಗದ ಬೆಲೆಗೆ ಸಂತೋಷ ಸಿಗುತ್ತದೆ. ಬರೀ ವೈನನ್ನೇ ಕುಡಿಯುತ್ತ ಹರಟೆ ಹೊಡೆಯುವುದಕ್ಕೂ ಇದು ತಕ್ಕದ್ದಲ್ಲ, ಹುಳಿ ಊಟ ಕೇಳುತ್ತದೆ.

ಎರಡನೇ ಸಂಜೆ ಉಳಿದರ್ಧ ಬಾಟಲಿಗೆ ಊಟ ಸಿಕ್ಕಿತು. ಕತ್ತರಿಸಿದ ದ್ರಾಕ್ಷಿ ಬಳ್ಳಿಯ ಕಡ್ಡಿಗಳ ಕೆಂಡದ ಮೇಲೆ ಸುಟ್ಟ ಕುರಿಮರಿಯ ಪಕ್ಕೆಲುಬು, ಉಪ್ಪು ಬಿಟ್ಟು ಬೇರೇನಿಲ್ಲ. ಕೊಬ್ಬನ್ನು ಆ ಹುಳಿ ಕತ್ತರಿಸಿತು, ಹೊಗೆಯ ವಾಸನೆ ತಂಬಾಕಿನದರ ಜೊತೆ ಬೆರೆತು ಯಾವುದು ತಟ್ಟೆಯದು, ಯಾವುದು ಗ್ಲಾಸಿನದು ತಿಳಿಯದಂತಾಯಿತು. ತೆರೆದಿಟ್ಟು ಒಂದು ದಿನವಾಗಿದ್ದರೂ ವೈನು ಸೋತಿರಲಿಲ್ಲ. ಕಿತ್ತಳೆ ಸಿಪ್ಪೆ ಹಿಂದಿನ ದಿನಕ್ಕಿಂತ ಸ್ಪಷ್ಟವಾಗಿತ್ತು. ಬೆಳಿಗ್ಗೆ ಕೋಣೆ ಖಾಲಿ ಮಾಡುವಾಗ ತೊಳೆಯದೆ ಬಿಟ್ಟಿದ್ದ ಗ್ಲಾಸನ್ನು ಅಕ್ಕ ಇನ್ನೊಮ್ಮೆ ಮೂಸಿದಳು. "ಈಗ ಕಪಾಟಿನ ಬೀಗ ತೆಗೆದಿದ್ದಾರೆ" ಅಂದಳು.