ಏಳು ವರ್ಷ, ಒಂದು ಇನ್ವರ್ಟರ್, ಎರಡು ಬ್ಯಾಟರಿ

ನಮ್ಮ ಮನೆಯಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಕರೆಂಟ್ ಹೋಗುತ್ತದೆ. ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ಇಡೀ ರಾತ್ರಿ. ಏಳು ವರ್ಷದ ಹಿಂದೆ 900 ವಿಎ (ಎಷ್ಟು ಲೋಡ್ ಎಳೆಯಬಲ್ಲದು ಅನ್ನುವ ಅಳತೆ) ಸೈನ್ ವೇವ್ ಇನ್ವರ್ಟರ್, ಅಂದರೆ ಲೈನ್ ಕರೆಂಟಿನ ಹಾಗೇ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು, ಹಾಕಿಸಿದೆವು. ಜೊತೆಗೆ 150 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬ್ಯುಲರ್, ಅಂದರೆ ಆಗಾಗ ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ. ಇನ್ವರ್ಟರ್ ಇವತ್ತಿಗೂ ಅದೇ, ಒಂದು ಸಲವೂ ರಿಪೇರಿಗೆ ಹೋಗಿಲ್ಲ. ಬ್ಯಾಟರಿ ಮಾತ್ರ ಎರಡನೆಯದು. ಹಾಗಾಗಿ ನನ್ನ ಮಾತೆಲ್ಲ ಬ್ಯಾಟರಿ ಸುತ್ತಲೇ.

ಮೊದಲನೆಯದು ಎರಡು ವರ್ಷ ಎಂಟು ತಿಂಗಳಿಗೆ ಸತ್ತಿತು. ಆ ರಾತ್ರಿ ಅಮ್ಮನಿಗೆ ಉಬ್ಬಸ ಜಾಸ್ತಿಯಾಗಿ ನೆಬ್ಯುಲೈಜರ್ ಹಾಕಿದ್ದೆ. ಕರೆಂಟ್ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಇನ್ವರ್ಟರ್ ಬೀಪ್ ಬೀಪ್ ಅಂತ ಕೂಗಿ ನಿಂತೇಹೋಯಿತು. ಕಪ್‌ನಲ್ಲಿ ಔಷಧಿ ಇನ್ನೂ ಅರ್ಧ ಇತ್ತು. ಟಾರ್ಚ್ ಬಿಟ್ಟು ನೋಡಿದರೆ ಬ್ಯಾಟರಿಯ ನೀರಿನ ಮಟ್ಟ ತೋರಿಸುವ ಆರೂ ಫ್ಲೋಟ್ ತಳಕ್ಕೆ ಇಳಿದಿದ್ದವು. ಮುಚ್ಚಳ ತೆಗೆದರೆ ಒಳಗಿನ ಸೀಸದ ಪ್ಲೇಟ್‌ಗಳ ತುದಿ ನೀರಿನಿಂದ ಮೇಲೆ ಕಾಣುತ್ತಿತ್ತು. ಹಾಗೆ ಒಣಗಿದ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿ ಕಟ್ಟಿಕೊಂಡರೆ ಆಮೇಲೆ ನೀರು ಹಾಕಿಯೂ ಪ್ರಯೋಜನ ಇಲ್ಲ. ತಿಂಗಳುಗಟ್ಟಲೆ ಅದರ ಕಡೆ ತಿರುಗಿ ನೋಡದೆ ಇದ್ದದ್ದು ನಮ್ಮದೇ ತಪ್ಪು.

ಎರಡನೆಯದು ಈಗ ಐದನೇ ವರ್ಷದಲ್ಲಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಫ್ಲೋಟ್ ನೋಡುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಬೇಕಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ನಲ್ಲಿ ನೀರು ಬೇಡವೇ ಬೇಡ, ಅದರಲ್ಲಿರುವ ಲವಣ ಪ್ಲೇಟ್ ಹಾಳು ಮಾಡುತ್ತದೆ. ಆಸಿಡ್ಡೂ ಹಾಕಬಾರದು, ಯಾಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತರೆ ಇನ್ವರ್ಟರ್ ಆಫ್ ಮಾಡಿ, ಕೇಬಲ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ವ್ಯಾಸಲೀನ್ ಸವರುತ್ತೇನೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದು ಬೆಂಕಿ ಹಿಡಿಯುವ ಗ್ಯಾಸ್. ಅದಕ್ಕೇ ಮಂಚದ ಕೆಳಗಿದ್ದದ್ದನ್ನು ಕಿಟಕಿ ಪಕ್ಕದ ನೆರಳಿಗೆ ತಂದೆವು. ಸೆಕೆಯ ಜಾಗದಲ್ಲಿಟ್ಟರೆ ಆಯಸ್ಸೂ ಬೇಗ ಮುಗಿಯುತ್ತದೆ.

ಬ್ಯಾಕಪ್ ಎಷ್ಟು ಹೊತ್ತು ಅಂತ ಎಲ್ಲರೂ ಕೇಳುತ್ತಾರೆ. 12 ವೋಲ್ಟ್, 150 ಎಎಚ್ ಅಂದರೆ ಲೆಕ್ಕಕ್ಕೆ 1800 ವ್ಯಾಟ್ ಅವರ್. ಅಷ್ಟೂ ಕೈಗೆ ಸಿಗುವುದಿಲ್ಲ, ಮೂರನೇ ಎರಡು ಪಾಲು ಸಿಕ್ಕರೆ ಪುಣ್ಯ. ನಮ್ಮ ಮೂರು ಹಳೇ ಫ್ಯಾನ್ ತಲಾ 75 ವ್ಯಾಟ್, ನಾಲ್ಕು ಎಲ್‌ಇಡಿ ಬಲ್ಬು ತಲಾ 9, ವೈಫೈ ರೂಟರ್ ಸುಮಾರು 10. ಹೊಸದರಲ್ಲಿ ನಾಲ್ಕು ಗಂಟೆ ಬರುತ್ತಿತ್ತು. ಎರಡು ವರ್ಷದ ಹಿಂದೆ ಫ್ಯಾನ್‌ಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿಗೆ (ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಫ್ಯಾನ್) ಬದಲಾಯಿಸಿದೆವು. ಈಗ ಅದೇ ಬ್ಯಾಟರಿ, ವಯಸ್ಸಾಗಿದ್ದರೂ, ಏಳು ಗಂಟೆ ದಾಟುತ್ತದೆ! ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯುವ ಮುಂಚೆ ಫ್ಯಾನ್ ಬದಲಾಯಿಸಿ ನೋಡಿ. ಫ್ರಿಜ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆಯನ್ನು ಈ ಲೈನಿಗೆ ಕೊಟ್ಟಿಲ್ಲ. ಫ್ರಿಜ್‌ನ ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟ್ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಸೈನ್ ವೇವ್ ತಗೊಂಡಿದ್ದು ಒಳ್ಳೆಯದೇ ಆಯಿತು. ಸ್ಕ್ವೇರ್ ವೇವ್ (ಒರಟು ಅಲೆಯ ಕರೆಂಟ್ ಕೊಡುವ) ಇನ್ವರ್ಟರ್ ಇರುವ ಮನೆಗಳಲ್ಲಿ ಹಳೇ ಫ್ಯಾನ್ ಗುಂಯ್‌ಗುಡುವುದು ಕೇಳಿದ್ದೇನೆ. ಯುಪಿಎಸ್ ಮೋಡ್‌ನಲ್ಲಿ (ಕರೆಂಟ್ ಹೋದ ಕ್ಷಣವೇ ಬ್ಯಾಟರಿಗೆ ಬದಲಾಗುವ ಸೆಟ್ಟಿಂಗ್) ಇಟ್ಟರೆ ಕರೆಂಟ್ ಹೋದಾಗ ಟಿಕ್ ಅಂತ ಸದ್ದಾಗುತ್ತದೆ ಅಷ್ಟೇ, ಕಂಪ್ಯೂಟರ್ ಆಫ್ ಆಗುವುದಿಲ್ಲ.

ನನಗೆ ಬೇಜಾರಿರುವುದು ಚಾರ್ಜ್ ಆಗುವ ವೇಗದ ಬಗ್ಗೆ. ಪೂರ್ತಿ ಖಾಲಿಯಾದರೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಮಳೆಗಾಲದಲ್ಲಿ ಕರೆಂಟೇ ಅಷ್ಟು ಹೊತ್ತು ಇರುವುದಿಲ್ಲ, ಅಲ್ವಾ? ಅರೆಬರೆ ಚಾರ್ಜ್‌ನಲ್ಲೇ ಇದ್ದೂ ಇದ್ದೂ ಬ್ಯಾಟರಿ ಸೊರಗುತ್ತದೆ. ಅಂಥ ದಿನ ರಾತ್ರಿಗೆ ಒಂದೇ ಫ್ಯಾನ್ ಹಾಕಿ, ಉಳಿದದ್ದನ್ನು ಅಮ್ಮನ ನೆಬ್ಯುಲೈಜರ್‌ಗೆ ಅಂತ ಇಟ್ಟುಕೊಳ್ಳುತ್ತೇವೆ. ಮುಂದಿನ ಸಲ ಲಿಥಿಯಂ ತಗೊಳ್ಳುವ ಆಸೆ ಇದೆ. ಬೆಲೆ ಜಾಸ್ತಿ, ಆದರೆ ಬೇಗ ಚಾರ್ಜ್ ಆಗುತ್ತದೆ, ನೀರು ಹಾಕುವ ಕೆಲಸವೂ ಇಲ್ಲ. ಈ ಇನ್ವರ್ಟರ್‌ನ ಚಾರ್ಜರ್ ಅದಕ್ಕೆ ಹೊಂದುತ್ತದಾ ಅಂತ ಮೊದಲು ವಿಚಾರಿಸಬೇಕು.