ಅದುರುವ ಬ್ರೇಕಿಗೆ ಲೇತ್ ಸಾಕೇ, ಹೊಸ ಡಿಸ್ಕೇ ಬೇಕೇ?

ಊರೊಳಗೆ ಓಡಿಸುವಾಗ ಈ ಕಾಯಿಲೆ ಗೊತ್ತಾಗುವುದಿಲ್ಲ. ಮದ್ದೂರಿನಲ್ಲಿ ತೆಂಗಿನಕಾಯಿ ತುಂಬಿಕೊಂಡು ಮೈಸೂರು ಹೆದ್ದಾರಿಗೆ ಬಿದ್ದು, ಗಂಟೆಗೆ 80 ಕಿ.ಮೀ. ವೇಗದಲ್ಲಿ ಬ್ರೇಕ್ ತುಳಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ, ಪೆಡಲ್ ಪಾದವನ್ನು ಒದೆಯುತ್ತದೆ. ನನ್ನದು 2011ರ ಮಾರುತಿ ಈಕೋ ವ್ಯಾನ್. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಅಂದರೆ ಚಕ್ರದೊಂದಿಗೆ ಸುತ್ತುವ ಕಬ್ಬಿಣದ ತಟ್ಟೆ; ಹಿಂದೆ ಡ್ರಮ್ ಬ್ರೇಕ್. ಚಾಮುಂಡಿ ಬೆಟ್ಟದ ಅಂಗಡಿಗಳಿಗೆ ಕಾಯಿ ಹಾಕುವುದು ಕಸುಬಾದ್ದರಿಂದ ಬೆಟ್ಟ ಹತ್ತಿ ಇಳಿಯುವುದು ತಪ್ಪುವುದಿಲ್ಲ. ಹಾಗಾಗಿ ಈ ಅದುರುವಿಕೆಗೆ ಇರುವ ಮೂರು ಮದ್ದುಗಳನ್ನೂ ಬೇರೆ ಬೇರೆ ಕಾಲದಲ್ಲಿ ಮಾಡಿಸಿ ನೋಡಿದ್ದೇನೆ.

ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು, ಡಿಸ್ಕ್ ಸೊಟ್ಟಗಾಗಿದೆ ಎಂಬುದು. ಎರಕದ ಕಬ್ಬಿಣದ ಡಿಸ್ಕ್ ಬಿಸಿಗೆ ನಿಜವಾಗಿ ಸೊಟ್ಟಗಾಗುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಬೇರೆ: ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಕಾದು, ಅದರ ವಸ್ತು ಡಿಸ್ಕಿನ ಒಂದು ಭಾಗದಲ್ಲಿ ಹೆಚ್ಚು ಅಂಟಿಕೊಂಡಿರುತ್ತದೆ. ಇಲ್ಲವೇ ಡಿಸ್ಕ್ ಕೂರುವ ಚಕ್ರದ ನಡುಭಾಗವಾದ ಹಬ್‌ನ ಮೇಲೆ ತುಕ್ಕು ಕೂತು ಡಿಸ್ಕ್ ಓರೆಯಾಗಿ ಸುತ್ತುತ್ತಾ, ಪ್ರತಿ ಸುತ್ತಿಗೂ ಪ್ಯಾಡಿಗೆ ಅದೇ ಜಾಗದಲ್ಲಿ ತಾಗಿ ಅಲ್ಲಿಯೇ ಸವೆಯುತ್ತದೆ. ದಪ್ಪದಲ್ಲಿ 0.02 ಮಿ.ಮೀ. ಹೆಚ್ಚು ಕಡಿಮೆಯಾದರೂ ಪಾದಕ್ಕೆ ಗೊತ್ತಾಗುತ್ತದೆ.

ಅಗ್ಗದ ಮದ್ದೆಂದರೆ ಎಮರಿ ಕಾಗದದಲ್ಲಿ ಡಿಸ್ಕ್ ಉಜ್ಜಿ, ಹೊಸ ಪ್ಯಾಡ್ ಹಾಕಿ, ಅದನ್ನು ಡಿಸ್ಕಿಗೆ ಹದಗೊಳಿಸುವುದು. ಬೆಳಗಿನ ಜಾವ ಖಾಲಿಯಿರುವ ವರ್ತುಲ ರಸ್ತೆ ಇದಕ್ಕೆ ಸರಿಯಾದ ಜಾಗ: 60ರಿಂದ 15ಕ್ಕೆ ವೇಗ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ಹೀಗೆ ಎಂಟು ಹತ್ತು ಸಲ. ಅಂಟು ತೆಳುವಾಗಿದ್ದರೆ ಇಷ್ಟರಲ್ಲೇ ಗುಣವಾಗುತ್ತದೆ. ನನ್ನ ವ್ಯಾನಿನಲ್ಲಿ ನಡುಕ ಕಡಿಮೆಯಾಯಿತು, ಹೋಗಲಿಲ್ಲ.

ಆಮೇಲೆ ಬಲಗಡೆಗೂ ಎಡಗಡೆಗೂ ಹೊಸ ಡಿಸ್ಕ್. ಕಂಪನಿಯದಲ್ಲ, ಅಗ್ಗದ ಜೋಡಿ. ಹಾಕಿದ ದಿನ ಬ್ರೇಕ್ ಬೆಣ್ಣೆಯಂತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ನಡುಕ ಮತ್ತೆ ಹಾಜರ್. ಬೇರೊಬ್ಬ ಮೆಕ್ಯಾನಿಕ್ ಡಿಸ್ಕ್ ಕಳಚಿದಾಗ ಕಾರಣ ಕಣ್ಣೆದುರೇ ಇತ್ತು: ಹಬ್‌ನ ಮುಖದಲ್ಲಿ ಕಂದು ಬಣ್ಣದ ತುಕ್ಕಿನ ಪೊರೆ, ಅದರ ಮೇಲೆ ಡಿಸ್ಕ್ ಕೂತಿದ್ದ ಅರ್ಧಚಂದ್ರದ ಗುರುತು. ಹಿಂದಿನ ಗ್ಯಾರೇಜಿನವರು ತಂತಿ ಬ್ರಷ್ ಮುಟ್ಟಿಸದೆಯೇ ಹೊಸದನ್ನು ಹೇರಿ, ಗಾಳಿ ಗನ್ನಿನಿಂದ ನಟ್ಟುಗಳನ್ನು ಬಿಗಿದಿದ್ದರು. ಈತ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ಡಿಸ್ಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿದ. ಮುಳ್ಳು 0.12 ಮಿ.ಮೀ.ವರೆಗೆ ಓಲಾಡಿತು. ಹಬ್ ಉಜ್ಜಿ, ಡಿಸ್ಕನ್ನು ಒಂದು ಬೋಲ್ಟ್ ರಂಧ್ರದಷ್ಟು ತಿರುಗಿಸಿ ಕೂರಿಸಿದ ಮೇಲೆ 0.04ಕ್ಕೆ ಇಳಿಯಿತು. ನಡುಕ ಮುಕ್ಕಾಲು ಪಾಲು ಅಲ್ಲೇ ಹೋಯಿತು. ದುಡ್ಡು ಸುರಿದದ್ದು ಡಿಸ್ಕಿಗೆ, ಕೆಲಸ ಮಾಡಿದ್ದು ತಂತಿ ಬ್ರಷ್!

ಉಳಿದ ಕಾಲು ಪಾಲಿಗೆ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ. ಬನ್ನಿಮಂಟಪದ ಕಡೆಯ ಲೇತ್ ಅಂಗಡಿಯಲ್ಲಿ ಎರಡೂ ಡಿಸ್ಕುಗಳನ್ನು ತೆಳುವಾಗಿ ಕಡೆಸಿದೆ. ಕೂಲಿ ಹೊಸ ಜೋಡಿಯ ಬೆಲೆಯ ಸಣ್ಣ ಪಾಲು. ಮೂರರಲ್ಲಿ ನನ್ನ ಮತ ಇದಕ್ಕೇ, ಎರಡು ಷರತ್ತುಗಳೊಂದಿಗೆ. ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು, ಅದರ ಮೇಲೆ ಎರಕದಲ್ಲೇ ಬರೆದಿರುವ ಕನಿಷ್ಠ ದಪ್ಪಕ್ಕೆ ಹೋಲಿಸಿ ನೋಡಬೇಕು. ಕಡೆದ ಮೇಲೂ ಅದಕ್ಕಿಂತ ದಪ್ಪ ಉಳಿಯದಿದ್ದರೆ ಲೇತಿನ ಮಾತೇ ಬೇಡ. ಲೇತಿನವನು ಡಿಸ್ಕಿನ ಹಿಂಬದಿಯನ್ನೂ ಒರೆಸಿ ನೇರವಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಓರೆಯನ್ನೇ ಹೊಸದಾಗಿ ಕೆತ್ತಿ ಕೊಡುತ್ತಾನೆ. ಕಡೆದ ಡಿಸ್ಕ್ ತೆಳುವಾದ್ದರಿಂದ ಬೇಗ ಕಾಯುತ್ತದೆ ಎಂಬ ದೂರು ನಿಜ. ಹಾಗಾಗಿ ಬೆಟ್ಟ ಇಳಿಯುವಾಗ ಎರಡನೇ ಗೇರ್. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯದೆ, ಗಟ್ಟಿಯಾಗಿ ಒತ್ತಿ ಬಿಡುವುದು. ಕೆಳಗೆ ಬಂದು ನಿಂತಾಗ ಕಾಲಿನ ಬ್ರೇಕ್ ಅದುಮಿ ಹಿಡಿಯಬಾರದು, ಕಾದ ಪ್ಯಾಡ್ ಅಲ್ಲೇ ಅಚ್ಚೊತ್ತುತ್ತದೆ. ಹ್ಯಾಂಡ್‌ಬ್ರೇಕ್ ಹಿಂದಿನ ಡ್ರಮ್ಮಿನದು, ಅದನ್ನು ಎಳೆದರೆ ಮುಂದಿನ ಡಿಸ್ಕಿಗೆ ತೊಂದರೆಯಿಲ್ಲ. ಇಳಿದ ಕೂಡಲೇ ಚಕ್ರಗಳಿಗೆ ತಣ್ಣೀರು ಎರಚಿ ತೊಳೆಯುವ ಶಿಸ್ತಿನವರನ್ನು ನೋಡಿದರೆ, ಕಾದ ಡಿಸ್ಕಿನ ಗತಿ ನೆನೆದು ನನಗೆ ಸಂಕಟವಾಗುತ್ತದೆ.

ಮೂರಕ್ಕೂ ಸಮಾನವಾಗಿ ಬೇಕಾದದ್ದು ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಒತ್ತುವ ಹಿಡಿ, ಜಾರುವ ಪಿನ್ನುಗಳ ಆರೈಕೆ. ಪಿನ್ ಜಾರದೆ ಸಿಕ್ಕಿಕೊಂಡರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಓಡಿಸಿ ಬಂದ ಮೇಲೆ ಮುಂದಿನ ಎರಡೂ ಚಕ್ರಗಳ ಬಳಿ, ಮುಟ್ಟದೆ, ಅಂಗೈ ಹಿಡಿದು ನೋಡಿ; ಒಂದೇ ಕಡೆ ಝಳ ಹೊಡೆದರೆ ಮೊದಲ ಅನುಮಾನ ಆ ಪಿನ್ನಿನ ಮೇಲೆ. ಅದಕ್ಕೆ ಸಿಲಿಕೋನ್ ಗ್ರೀಸೇ ಆಗಬೇಕು, ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಪಂಕ್ಚರ್ ಹಾಕಿಸಿದಾಗಲೂ ನಟ್ಟುಗಳನ್ನು ಎದುರುಬದುರಾಗಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದಲೇ ಬಿಗಿಸುತ್ತೇನೆ. ಅಂಗಡಿಯವನು ಗೊಣಗುತ್ತಾನೆ, ಗೊಣಗಲಿ.

ನನ್ನ ಡಿಸ್ಕುಗಳಲ್ಲಿ ಇನ್ನೊಮ್ಮೆ ಕಡೆಯುವಷ್ಟು ದಪ್ಪ ಉಳಿದಿಲ್ಲ. ಮುಂದಿನ ಸಲ ಕಂಪನಿಯ ಡಿಸ್ಕ್ ಕೊಳ್ಳುತ್ತೇನೆ, ಹಬ್ ಉಜ್ಜಿಸಿದ ಮೇಲೆ.